ದಾರ ಹಿಡಿದರೆ 14 ಸಾವಿರ, ಹಾರಿದರೆ 16 ಸಾವಿರ

(ದಾವಣಗೆರೆಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಮಗನೋ ಮಗಳೋ ಅಳಿಯನೋ ಅಮೆರಿಕದಲ್ಲಿ ಇರುವವರು ಇಲ್ಲಿ ಎಷ್ಟು ಜನ ಇದ್ದೀರಿ? ಸುಮ್ನೆ ಕೈ ಎತ್ತಿ ನೋಡೋಣ. ಆಯ್ತು, ಇಳಿಸಿ, ಎಣಿಸುವುದು ಬೇಡ. ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಬಂದ ಮೇಲೆ ನಮ್ಮೂರಲ್ಲಿ ಇದು ಮನೆಮನೆಯ ಮಾತು. ಅದಕ್ಕೇ ಇವತ್ತಿನ ಪ್ರಶ್ನೆಯನ್ನು ಪುಸ್ತಕದಿಂದ ತಂದಿಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು? ಇಷ್ಟೇ ಪ್ರಶ್ನೆ.

ಮೊಬೈಲಿನಲ್ಲಿ ಕೇಳಿದರೆ ತಕ್ಷಣ ಉತ್ತರ ಬರುತ್ತದೆ. ಹತ್ತಿರ ಹತ್ತಿರ 14,000 ಕಿ.ಮೀ. ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಭಾಗಿಸಿದರೆ ಹದಿನೈದೂವರೆ ಗಂಟೆ. ಮುಗೀತು, ಮನೆಗೆ ಹೋಗಬಹುದು.

ಆದರೆ 2021ರ ಜನವರಿಯಲ್ಲಿ ಏನಾಯಿತು ನೋಡಿ. ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂತು. ಈ ಮಾರ್ಗದಲ್ಲಿ ಅದು ಅವರ ಮೊದಲ ಹಾರಾಟ. ಕ್ಯಾಪ್ಟನ್ ಜೋಯಾ ಅಗರ್ವಾಲ್. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರೇ. ಉತ್ತರ ಧ್ರುವದ ಮೇಲೆ ಹಾದು, ಅಟ್ಲಾಂಟಿಕ್ ಕಡೆಯಿಂದ ಇಳಿದು ಬಂದರು. ಹಾರಿದ್ದು ಸುಮಾರು 16,000 ಕಿ.ಮೀ., ಹಿಡಿದದ್ದು ಸುಮಾರು 17 ಗಂಟೆ.

ಲೆಕ್ಕಕ್ಕೂ ಹಾರಾಟಕ್ಕೂ 2,000 ಕಿ.ಮೀ. ವ್ಯತ್ಯಾಸ! ದಾವಣಗೆರೆಯಿಂದ ದೆಹಲಿಗೆ ನೇರ ಗೆರೆ ಎಳೆದರೂ ಅಷ್ಟಾಗುವುದಿಲ್ಲ. ಈ ಎರಡು ಸಾವಿರ ಎಲ್ಲಿಂದ ಬಂತು ಅನ್ನುವುದೇ ಇವತ್ತಿನ ಮಾತು.

ನೆಲದ ಮೇಲೆ ಇಂಥ ವ್ಯತ್ಯಾಸ ಕಂಡರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮೂರಿನಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 245 ಕಿ.ಮೀ. ಹೈವೇಯಲ್ಲಿ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಹೋದರೆ ಇನ್ನೊಂದಿಷ್ಟು ಸೇರುತ್ತದೆ. ರೈಲಿನಲ್ಲಿ ಹೋದರೆ ಬೀರೂರು, ಅರಸೀಕೆರೆ ಸುತ್ತಿಕೊಂಡು ಸುಮಾರು 325. ಹಳಿ ಇರುವ ಕಡೆ ತಾನೇ ರೈಲು ಹೋಗಬೇಕು. ತುಮಕೂರಿನಿಂದ ಚಿತ್ರದುರ್ಗದ ಮೇಲೆ ನೇರ ಮಾರ್ಗ ಹಾಕಿ ಎಂದು ನಾವು ಇಷ್ಟು ವರ್ಷ ಕೇಳಿದ್ದು ಈ ಸುತ್ತು ತಪ್ಪಲಿ ಅಂತಲೇ ಅಲ್ವಾ? ಆದರೆ ಆಕಾಶದಲ್ಲಿ ಹಳಿಯೂ ಇಲ್ಲ, ಗುಡ್ಡವೂ ಇಲ್ಲ, ಅಲ್ಲಿ ಸುತ್ತುವುದು ಯಾಕೆ ಅನ್ನಿಸುತ್ತದೆ. ಗುಡ್ಡ ಅಲ್ಲೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ 14,000 ಎಲ್ಲಿಂದ ಬಂತು ನೋಡೋಣ. ಈ ಗ್ಲೋಬಿನ ಮೇಲೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಇಡುತ್ತೇನೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ. ಈಗ ಬಿಗಿಯಾಗಿ ಎಳೆಯುತ್ತೇನೆ. ಮುಂದಿನ ಸಾಲಿನವರು ಬಂದು ನೋಡಿ. ದಾರ ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ. ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು ಹತ್ತಿತು. ನೇಪಾಳದ ಪೋಖರಾ ಹತ್ತಿರ ಹಿಮಾಲಯ ದಾಟಿತು. ಟಿಬೆಟ್, ಪಶ್ಚಿಮ ಮಂಗೋಲಿಯಾ, ಸೈಬೀರಿಯಾ, ಆಮೇಲೆ ಅಲಾಸ್ಕಾ. ಅಲ್ಲಿಂದ ಕೆಳಗಿಳಿದು ಸ್ಯಾನ್ ಫ್ರಾನ್ಸಿಸ್ಕೊ. ನಡುವೆ ಒಂದು ಕಡೆ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಏರುತ್ತದೆ. ಭೂಗೋಳದ ಪಾಠದಲ್ಲಿ ಮಹಾವೃತ್ತ ಅಂತ ಓದುತ್ತೀರಲ್ಲ, ಈ ದಾರ ಅದರದೇ ಒಂದು ತುಂಡು. ಗೋಳದ ಮೇಲೆ ಎರಡು ಊರುಗಳ ನಡುವೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಗೋಡೆಯ ಮೇಲಿನ ನಕ್ಷೆ ನೋಡಿ ಬೆಳೆದವರಿಗೆ ಇದು ನಂಬಿಕೆ ಬರುವುದಿಲ್ಲ. ಅಲ್ಲಿ ಅಮೆರಿಕ ಎಡಗಡೆ ಇದೆ, ನಾವು ಬಲಗಡೆ ಇದ್ದೇವೆ. ನೇರ ಹೋಗಬೇಕಾದರೆ ಅರೇಬಿಯಾ, ಆಫ್ರಿಕಾ, ಅಟ್ಲಾಂಟಿಕ್ ದಾಟಬೇಕು ಅನ್ನಿಸುತ್ತದೆ. ಆ ನಕ್ಷೆಯ ಮೂಲ 1569ರಲ್ಲಿ ಮರ್ಕೇಟರ್ ಬರೆದದ್ದು. ಹಡಗಿನವರು ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಹೋಗುವುದಕ್ಕೆ ಅದು ಬಹಳ ಚೆನ್ನಾಗಿತ್ತು. ಅದಕ್ಕಾಗಿ ಧ್ರುವಗಳ ಕಡೆಯ ನೆಲವನ್ನೆಲ್ಲ ಹಿಗ್ಗಿಸಬೇಕಾಯಿತು. ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದು. ನಕ್ಷೆಯಲ್ಲಿ ಎರಡೂ ಒಂದೇ ಅಳತೆ ಕಾಣುತ್ತವೆ. ಶಾಲೆಗಳಲ್ಲಿ ಆ ನಕ್ಷೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಪಕ್ಕದಲ್ಲಿ ಒಂದು ಗ್ಲೋಬ್ ಇಲ್ಲದೆ ಅದನ್ನು ತೋರಿಸಬಾರದು ಅನ್ನುವುದು ನನ್ನ ಹಟ.

ಒಂದು ಡಿಗ್ರಿ ಅಕ್ಷಾಂಶ ಎಂದರೆ ಎಲ್ಲಿ ಹೋದರೂ ಸುಮಾರು 111 ಕಿ.ಮೀ. ರೇಖಾಂಶ ಹಾಗಲ್ಲ. ಸಮಭಾಜಕದಲ್ಲಿ 111, ದಾವಣಗೆರೆಯಲ್ಲಿ ಸುಮಾರು 108, 60 ಡಿಗ್ರಿ ಉತ್ತರಕ್ಕೆ ಹೋದರೆ ಅರ್ಧಕ್ಕರ್ಧ, ಧ್ರುವದಲ್ಲಿ ಸೊನ್ನೆ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ರೇಖಾಂಶದಲ್ಲಿ 160 ಡಿಗ್ರಿ ಅಂತರ. ಅಷ್ಟನ್ನು ಸಮಭಾಜಕದ ಹತ್ತಿರ ದಾಟುವುದಕ್ಕಿಂತ ಧ್ರುವದ ಹತ್ತಿರ ದಾಟಿದರೆ ಅಗ್ಗ. ದಾರ ಮೇಲೆ ಹತ್ತುವುದು ಅದಕ್ಕೇ.

ಸರಿ, ಹತ್ತಿರದ ದಾರಿ ಸಿಕ್ಕಿತು. ವಿಮಾನ ಆ ದಾರಿಯಲ್ಲಿ ಹೋಗುವುದಿಲ್ಲ. ಈಗ ಗುಡ್ಡದ ಮಾತಿಗೆ ಬಂದೆ.

ವಿಮಾನ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಹಾರುತ್ತದೆ, ಎವರೆಸ್ಟ್ ಒಂಬತ್ತು ಕಿ.ಮೀ.ಗಿಂತ ಕಡಿಮೆ. ಡಿಕ್ಕಿ ಹೊಡೆಯುವ ಭಯ ಇಲ್ಲ. ತೊಂದರೆ ಇರುವುದು ಕ್ಯಾಬಿನ್‌ನೊಳಗಿನ ಗಾಳಿಯ ಒತ್ತಡ ಹೋದರೆ. ಆಗ ಮೇಲಿನಿಂದ ಆಮ್ಲಜನಕದ ಮಾಸ್ಕ್ ಕೆಳಗೆ ಬೀಳುತ್ತದೆ, ನೋಡಿರುತ್ತೀರಿ. ಸಾಮಾನ್ಯವಾಗಿ ಅದರಲ್ಲಿರುವುದು ಕಾಲು ಗಂಟೆಯ ಆಸುಪಾಸಿನ ಗಾಳಿ. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ, ಅಂದರೆ ಸುಮಾರು ಮೂರು ಕಿ.ಮೀ. ಎತ್ತರಕ್ಕೆ ಇಳಿಸಬೇಕು. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್ ಮೇಲೆ ಹಾಗೆ ಇಳಿಯುವುದಕ್ಕೆ ಜಾಗವೇ ಇಲ್ಲ. ಅಲ್ಲಿನ ನೆಲವೇ ಸರಾಸರಿ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಹೀಗಾಗಿ ಹೆಚ್ಚಿನ ವಿಮಾನಗಳು ಟಿಬೆಟ್ಟನ್ನು ಬಿಟ್ಟು ಸುತ್ತಿಕೊಂಡೇ ಹೋಗುತ್ತವೆ. ನಮ್ಮ ದಾರ ಮೊದಲ ಹೆಜ್ಜೆಯಲ್ಲೇ ಕಡಿಯಿತು.

ಎರಡನೆಯದು ಅನುಮತಿ. ಆಕಾಶಕ್ಕೆ ಬೇಲಿ ಇಲ್ಲ ಅನ್ನುತ್ತೇವೆ. ಇದೆ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಹಕ್ಕಿದೆ. ಹಾದುಹೋಗುವವರು ಅನುಮತಿ ಪಡೆಯಬೇಕು, ಶುಲ್ಕ ಕಟ್ಟಬೇಕು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ಯುದ್ಧ ಶುರುವಾದ ಮೇಲೆ ಯುರೋಪಿನ ದೇಶಗಳು ರಷ್ಯಾದ ವಿಮಾನಗಳಿಗೆ ಬಾಗಿಲು ಮುಚ್ಚಿದವು, ರಷ್ಯಾ ಅವರಿಗೆ ಮುಚ್ಚಿತು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಸೈಬೀರಿಯಾ ಮೇಲೆ ಒಂಬತ್ತೂವರೆ ಗಂಟೆ ಹಿಡಿಯುತ್ತಿತ್ತು. ಫಿನ್ ಏರ್ ಕಂಪನಿ ಏಷ್ಯಾಕ್ಕೆ ಹತ್ತಿರದ ದಾರಿ ನಮ್ಮದು ಅಂತಲೇ ವ್ಯಾಪಾರ ಕಟ್ಟಿತ್ತು. ಒಂದೇ ವಾರದಲ್ಲಿ ಅದು ಕೈತಪ್ಪಿತು. ಆಮೇಲೆ ಉತ್ತರ ಧ್ರುವದ ಮೇಲೆ ಸುತ್ತಿ ಹೋಗಬೇಕಾಯಿತು, ಸುಮಾರು 13 ಗಂಟೆ. ಊರುಗಳು ಇದ್ದಲ್ಲೇ ಇವೆ, ದೂರ ಮಾತ್ರ ಬೆಳೆಯಿತು.

ನಮಗೂ ಇದು ಹೊಸದಲ್ಲ. 2019ರಲ್ಲಿ ಪಾಕಿಸ್ತಾನ ಫೆಬ್ರವರಿಯಿಂದ ಜುಲೈವರೆಗೆ ವಾಯುಪ್ರದೇಶ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಯುರೋಪಿಗೆ ಹೊರಟ ನಮ್ಮ ವಿಮಾನ ಮೊದಲು ಗುಜರಾತ್ ಕಡೆಗೆ ಇಳಿದು, ಅರಬ್ಬಿ ಸಮುದ್ರದ ಮೇಲೆ ಸುತ್ತಿ ಹೋಗಬೇಕು. ಇದರಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿದ್ದು ತಾಷ್ಕೆಂಟ್. ದಾವಣಗೆರೆಯಿಂದ ದೆಹಲಿ ಎಷ್ಟು ದೂರವೋ ದೆಹಲಿಯಿಂದ ತಾಷ್ಕೆಂಟ್ ಹೆಚ್ಚುಕಡಿಮೆ ಅಷ್ಟೇ ದೂರ, 1,600 ಕಿ.ಮೀ.ಗೂ ಒಳಗೆ. ಮಧ್ಯದ ಬಾಗಿಲು ಮುಚ್ಚಿದ್ದಕ್ಕೆ ಇಂಡಿಗೋ ಅಲ್ಲಿಗೆ ಹಾರಾಟವನ್ನೇ ನಿಲ್ಲಿಸಿತು. ಸುತ್ತಿ ಹೋಗುವಷ್ಟು ದೂರ ಅವರ ಆ ವಿಮಾನಗಳ ಶಕ್ತಿಗೆ ಮೀರಿದ್ದು.

ಇನ್ನು ಗಾಳಿ. ನನಗೆ ಇಷ್ಟವಾದ ಭಾಗ ಇದು. ಸ್ವಲ್ಪ ನಿಧಾನವಾಗಿ ಹೋಗೋಣ.

ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಪಟ್ಟಿಗಳು ಹರಿಯುತ್ತವೆ. ಇವಕ್ಕೆ ಜೆಟ್ ಸ್ಟ್ರೀಮ್ ಅಂತ ಹೆಸರು. ಸಮಭಾಜಕದ ಕಡೆಯ ಬಿಸಿ ಗಾಳಿಗೂ ಧ್ರುವದ ಕಡೆಯ ತಣ್ಣನೆಯ ಗಾಳಿಗೂ ಇರುವ ವ್ಯತ್ಯಾಸ, ಜೊತೆಗೆ ಭೂಮಿಯ ತಿರುಗಾಟ, ಎರಡೂ ಸೇರಿ ಇವು ಹುಟ್ಟುತ್ತವೆ. ಚಳಿಗಾಲದಲ್ಲಿ ಆ ವ್ಯತ್ಯಾಸ ಜಾಸ್ತಿ, ಗಾಳಿಯೂ ಜಾಸ್ತಿ. ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ವಿಮಾನದ 900 ಕಿ.ಮೀ. ವೇಗ ಅಂದೆನಲ್ಲ, ಅದು ಸುತ್ತಲಿನ ಗಾಳಿಗೆ ಹೋಲಿಸಿ ಹೇಳಿದ್ದು, ನೆಲಕ್ಕೆ ಅಲ್ಲ. ಹರಿಹರದಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ತೆಪ್ಪ ಹಾಕಿದವನನ್ನು ಕೇಳಿ. ಹುಟ್ಟು ಹಾಕುವ ತೋಳು ಒಂದೇ, ಸೆಳವಿನ ಜೊತೆ ಹೋದರೆ ಒಂದು ಹೊತ್ತು, ಎದುರು ಹೋದರೆ ಇನ್ನೊಂದು ಹೊತ್ತು.

2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಸಾಮಾನ್ಯವಾಗಿ ಆರು ಆರೂವರೆ ಗಂಟೆ ಬೇಕು. ಸಿಯಾರಾ ಅನ್ನುವ ಬಿರುಗಾಳಿ ಹಿಂದಿನಿಂದ ತಳ್ಳಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆ ವೇಗದಲ್ಲೂ ಅದು ಶಬ್ದದ ವೇಗ ಮೀರಲಿಲ್ಲ, ಏಕೆಂದರೆ ಅದರ ಸುತ್ತಲಿನ ಗಾಳಿಯೂ ಅದೇ ದಿಕ್ಕಿಗೆ ಓಡುತ್ತಿತ್ತು.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆ, ಒಟ್ಟು ಲೆಕ್ಕ ಸರಿಹೋಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಪಿಯುಸಿ ಮಕ್ಕಳು ಬರೆದುಕೊಳ್ಳಿ. ದೂರ 9,000 ಕಿ.ಮೀ., ವಿಮಾನದ ವೇಗ 900, ಗಾಳಿ 100. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು 20 ಗಂಟೆ. ಗಾಳಿಯ ಜೊತೆ ಹೋದರೆ ವೇಗ 1,000, ಅಂದರೆ 9 ಗಂಟೆ. ಎದುರು ಬಂದರೆ 800, ಅಂದರೆ 11 ಗಂಟೆ 15 ನಿಮಿಷ. ಕೂಡಿಸಿ. ಕಾಲು ಗಂಟೆ ನಷ್ಟ. ಎದುರು ಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಕಳೆಯುತ್ತೇವೆ, ಹಿಂದಿನ ಗಾಳಿಯಲ್ಲಿ ಕಡಿಮೆ ಹೊತ್ತು. ಹಾಗಾಗಿ ನಷ್ಟ ಪೂರ್ತಿ ತುಂಬುವುದಿಲ್ಲ.

ಈಗ ಆ 2,000 ಕಿ.ಮೀ. ಲೆಕ್ಕ ಬಿಡಿಸಬಹುದು. ಬೆಂಗಳೂರಿನಿಂದ ಹೋಗುವಾಗ ಪೂರ್ವಕ್ಕೆ, ಪೆಸಿಫಿಕ್ ಸಮುದ್ರದ ಮೇಲೆ ಹೋದರೆ ಗಾಳಿ ಹಿಂದಿನಿಂದ ತಳ್ಳುತ್ತದೆ. ಬರುವಾಗ ಅದೇ ದಾರಿ ಹಿಡಿದರೆ ಅದೇ ಗಾಳಿ ಎದುರು ನಿಲ್ಲುತ್ತದೆ. ಅದಕ್ಕೆ ಉತ್ತರಕ್ಕೆ ಏರಿ, ಧ್ರುವ ದಾಟಿ, ಆ ಕಡೆಯಿಂದ ಇಳಿಯುವುದು. ಅಳತೆಯಲ್ಲಿ ಉದ್ದ, ಆದರೆ ಹೊತ್ತು ಕಡಿಮೆ. ದಿನದಿನದ ಗಾಳಿ ನೋಡಿ, ಹೊರಡುವ ಮುಂಚೆ ಕಂಪ್ಯೂಟರ್ ಆ ದಿನದ ದಾರಿ ಹಾಕಿಕೊಡುತ್ತದೆ. ಹಾಗಾಗಿ ನಿಮ್ಮ ಮಗಳು ಹೋದ ತಿಂಗಳು ಹೋದ ದಾರಿಯಲ್ಲೇ ಈ ತಿಂಗಳೂ ಬರುತ್ತಾಳೆ ಅನ್ನುವ ಹಾಗಿಲ್ಲ.

ಧ್ರುವದ ದಾರಿಗೆ ಅದರದೇ ರಗಳೆ ಇದೆ. ಹೊರಗಿನ ಚಳಿ ಸೊನ್ನೆಗಿಂತ 60 ಡಿಗ್ರಿ ಕೆಳಗೆ ಹೋಗಬಹುದು. ಅಮೆರಿಕದಲ್ಲಿ ತುಂಬಿಸುವ ವಿಮಾನದ ಇಂಧನ ಮೈನಸ್ 40ರ ಹತ್ತಿರ ಹೆಪ್ಪುಗಟ್ಟಲು ಶುರುವಾಗುತ್ತದೆ. ರೆಕ್ಕೆಯಲ್ಲಿರುವ ಇಂಧನದ ಉಷ್ಣತೆಯನ್ನು ಪೈಲಟ್ ನೋಡುತ್ತಲೇ ಇರಬೇಕು, ತೀರಾ ಇಳಿದರೆ ಸ್ವಲ್ಪ ಬೆಚ್ಚಗಿನ ಎತ್ತರಕ್ಕೆ ಹೋಗಬೇಕು ಅಥವಾ ವೇಗ ಹೆಚ್ಚಿಸಬೇಕು. ಜೊತೆಗೆ, ಎರಡೇ ಇಂಜಿನ್ ಇರುವ ವಿಮಾನದಲ್ಲಿ ಒಂದು ಕೆಟ್ಟರೆ ಇನ್ನೊಂದರಲ್ಲೇ ಇಂತಿಷ್ಟು ನಿಮಿಷದೊಳಗೆ ಇಳಿಯಬಲ್ಲ ನಿಲ್ದಾಣ ದಾರಿಯಲ್ಲಿ ಇರಲೇಬೇಕು ಅನ್ನುವ ನಿಯಮ. ಹಿಂದೆ ಇದು 60 ನಿಮಿಷ ಇತ್ತು. 1985ರ ನಂತರ ಇಂಜಿನ್‌ಗಳ ಮೇಲೆ ನಂಬಿಕೆ ಬೆಳೆದ ಹಾಗೆ 120, 180 ಹೀಗೆ ಸಡಿಲವಾಯಿತು. ಅದಕ್ಕೇ ಈಗ ಎರಡು ಇಂಜಿನ್‌ನಲ್ಲೇ ಸಮುದ್ರ ದಾಟುತ್ತಾರೆ.

ವಿಮಾನಗಳು ಯಾಕೆ ಇನ್ನೂ ಜೋರಾಗಿ ಹೋಗಬಾರದು ಅಂತ ಕೇಳಬಹುದು. 1958ರಲ್ಲಿ ಬೋಯಿಂಗ್ 707 ಪ್ರಯಾಣಿಕರನ್ನು ಹೊತ್ತು ಹಾರಲು ಶುರುಮಾಡಿದಾಗ ಇದ್ದ ವೇಗವೇ ಹೆಚ್ಚುಕಡಿಮೆ ಇವತ್ತೂ ಇದೆ. ಶಬ್ದದ ವೇಗದ ಹತ್ತಿರ ಹೋದ ಹಾಗೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ, ಇಂಧನ ಸುರಿಯಬೇಕಾಗುತ್ತದೆ. ಕಾಂಕಾರ್ಡ್ ಆ ಗೋಡೆ ದಾಟಿತು. 1996ರಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ 2 ಗಂಟೆ 53 ನಿಮಿಷ! ಆದರೆ ಟಿಕೆಟ್ ದುಬಾರಿ, ಸದ್ದು ಜಾಸ್ತಿ. 2003ರಲ್ಲಿ ನಿಂತುಹೋಯಿತು. ಆಮೇಲೆ ಎಲ್ಲರೂ ವೇಗ ಬಿಟ್ಟು ಉದ್ದದ ಹಿಂದೆ ಬಿದ್ದರು. ಬೋಯಿಂಗ್ 777-200ಎಲ್‌ಆರ್ 2005ರಲ್ಲಿ ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಉದ್ದೇಶಪೂರ್ವಕವಾಗಿ ಉಲ್ಟಾ ದಿಕ್ಕಿನಲ್ಲಿ, ಪೆಸಿಫಿಕ್ ಮತ್ತು ಅಮೆರಿಕ ದಾಟಿ, 21,602 ಕಿ.ಮೀ. ಹಾರಿತು. 22 ಗಂಟೆ 42 ನಿಮಿಷ. ಅದು ಪ್ರಯಾಣಿಕರಿಗೆ ಟಿಕೆಟ್ ಮಾರಿದ ಹಾರಾಟವಲ್ಲ. ಟಿಕೆಟ್ ಕೊಂಡು ಎಲ್ಲೂ ನಿಲ್ಲದೆ ಹೋಗುವ ಹಾರಾಟಗಳ ಪೈಕಿ ಸಿಂಗಾಪುರ-ನ್ಯೂಯಾರ್ಕ್ ಈಗ ಅತಿ ಉದ್ದದ್ದು. 15,300 ಕಿ.ಮೀ. ದಾಟುತ್ತದೆ, ಹದಿನೆಂಟೂವರೆ ಗಂಟೆಗೂ ಜಾಸ್ತಿ.

ಗಡಿಯಾರದ ಗೊಂದಲ ಒಂದು ಬಾಕಿ ಇದೆ. ಆ 2021ರ ವಿಮಾನ ಜನವರಿ 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಇಳಿಯಿತು. ಎರಡು ದಿನ ಹಾರಿತಾ? ಇಲ್ಲ. ಚಳಿಗಾಲದಲ್ಲಿ ನಮಗೂ ಅವರಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಡುವುದರಿಂದ ಹನ್ನೆರಡೂವರೆ. ಹೋಗುವಾಗ ಇದು ತಿರುಗುಮುರುಗು. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನದ ಸಂಜೆ ನಾಲ್ಕೂವರೆ. ಟಿಕೆಟ್ ನೋಡಿ "ಎರಡೂವರೆ ತಾಸಿನ ದಾರಿ" ಅಂದುಕೊಳ್ಳಬೇಡಿ. ಹಾಗೆ ನೋಡಿದರೆ ನಮ್ಮ ಗಡಿಯಾರವೂ ನಮ್ಮೂರಿನದಲ್ಲ. ಅದು 82.5 ಡಿಗ್ರಿ ರೇಖಾಂಶದ್ದು, ಪ್ರಯಾಗರಾಜ್ ಕಡೆಯದು. ದಾವಣಗೆರೆ 76ರ ಹತ್ತಿರ ಇದೆ. ಸೂರ್ಯ ನಮ್ಮ ನೆತ್ತಿಯ ಗೆರೆಗೆ ಬರುವುದು ಸರಾಸರಿ 12 ಗಂಟೆ 26 ನಿಮಿಷಕ್ಕೆ.

ಕೊನೆಗೆ ನಮ್ಮ ಪಾಲಿನ ದೂರ. ನಮ್ಮೂರಿನಿಂದ ಬೆಂಗಳೂರು ವಿಮಾನ ನಿಲ್ದಾಣ ಒಟ್ಟು ದಾರಿಯ ನೂರರಲ್ಲಿ ಎರಡು ಪಾಲೂ ಇಲ್ಲ. ಹೊತ್ತು ನೋಡಿ. ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೂ, ಊಟ ತಿಂಡಿ ಸೇರಿ ಐದು ಗಂಟೆ ಇಟ್ಟುಕೊಳ್ಳಬೇಕು. ಮೂರು ಗಂಟೆ ಮುಂಚೆ ಅಲ್ಲಿರಬೇಕು. ಎಂಟು ಗಂಟೆ ನೆಲದ ಮೇಲೇ ಹೋಯಿತು, ವಿಮಾನ ಹಾರುವ ಹೊತ್ತಿನ ಅರ್ಧದಷ್ಟು! ಪ್ರಯಾಣ ಎಷ್ಟು ಹೊತ್ತು ಅಂತ ಕೇಳಿದವರಿಗೆ ನಾನು ಮನೆ ಬಾಗಿಲಿನಿಂದ ಲೆಕ್ಕ ಹೇಳುತ್ತೇನೆ. ವಿಮಾನ ಕಂಪನಿ ಗೇಟಿನಿಂದ ಹೇಳುತ್ತದೆ. ಅದರಲ್ಲೂ ರನ್‌ವೇಗೆ ತೆವಳುವ ಹೊತ್ತು, ತಡವಾದರೆ ಇರಲಿ ಅಂತ ಸೇರಿಸಿದ ಹೊತ್ತು ಎಲ್ಲ ಒಳಗೇ ಇರುತ್ತದೆ. ಅರ್ಧ ಗಂಟೆ ಬೇಗ ಇಳಿದೆವು ಅಂತ ಅವರು ಹೆಮ್ಮೆಯಿಂದ ಹೇಳುವುದರ ಗುಟ್ಟು ಎಷ್ಟೋ ಸಲ ಇದೇ.

ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ಹುಡುಗ: "ಸರ್, ಭೂಮಿ ಪೂರ್ವಕ್ಕೆ ತಿರುಗ್ತೈತಲ್ಲ, ಹೆಲಿಕಾಪ್ಟರ್ ಮ್ಯಾಲೆ ಸುಮ್ನೆ ನಿಂತ್ರೆ ಕೆಳಗ ಬ್ಯಾರೆ ದೇಶ ಬರಲ್ವಾ?"

ಒಳ್ಳೆಯ ಪ್ರಶ್ನೆ, ನಗಬೇಡಿ. ದಾವಣಗೆರೆಯ ನೆಲ ಈಗ ಗಂಟೆಗೆ ಸುಮಾರು 1,620 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ನಾನೂ ನೀನೂ ಈ ಗಾಳಿಯೂ ಅದೇ ವೇಗದಲ್ಲಿದ್ದೇವೆ. ಹೆಲಿಕಾಪ್ಟರ್ ಎದ್ದಾಗ ಆ ವೇಗ ಕಳಚಿಕೊಳ್ಳುವುದಿಲ್ಲ. ಗಾಳಿ ಓಡದೆ ನೆಲ ಮಾತ್ರ ಓಡಿದ್ದರೆ ನಾವೆಲ್ಲ ಈ ಹಾಲ್‌ನಲ್ಲಿ ಕೂತಿರುತ್ತಿರಲಿಲ್ಲ ಬಿಡು.

ಇನ್ನೊಬ್ಬರು: "ದಾವಣಗೆರೆಯಿಂದ ಅತಿ ದೂರದ ಜಾಗ ಯಾವುದು?"

ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಯಾವ ಊರೂ 20,000ಕ್ಕಿಂತ ದೂರ ಇರಲು ಸಾಧ್ಯವಿಲ್ಲ. ನಮ್ಮ ಸರಿಯಾದ ಎದುರು ತುದಿ ಪೆಸಿಫಿಕ್ ಸಮುದ್ರದ ನಡುವೆ ಇದೆ, ಈಸ್ಟರ್ ದ್ವೀಪದಿಂದ ಸುಮಾರು 1,500 ಕಿ.ಮೀ. ಉತ್ತರಕ್ಕೆ. ಅಲ್ಲಿ ಬರೀ ನೀರು. ದೊಡ್ಡ ಊರು ಬೇಕೆಂದರೆ ಪೆರುವಿನ ಲಿಮಾ ನೋಡಿ, ಇಲ್ಲಿಂದ 17,000 ಕಿ.ಮೀ. ಚಿಲ್ಲರೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ: "ಮಗ ವಿಮಾನ ಹತ್ತಿದ ಮೇಲೆ ಮೊಬೈಲ್‌ನಾಗ ಅದನ್ನ ನೋಡ್ತಿರ್ತೀನಿ ಸರ್. ಮಧ್ಯದಾಗ ಒಮ್ಮೊಮ್ಮೆ ಕಾಣಂಗೇ ಇಲ್ಲ. ಜೀವ ಹೋದಂಗ ಆಗ್ತೈತಿ."

ಅಮ್ಮ, ಆ ಆ್ಯಪ್‌ಗಳು ಹೆಚ್ಚಾಗಿ ನೆಲದ ಮೇಲಿನ ರಿಸೀವರ್‌ಗಳನ್ನು ನಂಬಿವೆ. ವಿಮಾನ ತಾನು ಎಲ್ಲಿದ್ದೇನೆ ಅನ್ನುವುದನ್ನು ರೇಡಿಯೊದಲ್ಲಿ ಹೇಳುತ್ತಾ ಹೋಗುತ್ತದೆ. ಮುನ್ನೂರು ನಾನೂರು ಕಿ.ಮೀ. ಒಳಗೆ ರಿಸೀವರ್ ಇದ್ದರೆ ಕೇಳಿಸಿಕೊಳ್ಳುತ್ತದೆ. ಸಮುದ್ರದ ನಡುವೆ, ಧ್ರುವದ ಮೇಲೆ ರಿಸೀವರ್ ಇಡುವವರು ಯಾರು? ಉಪಗ್ರಹದಿಂದ ಹಿಡಿಯುವ ಏರ್ಪಾಡು ಬಂದಿದೆ, ಎಲ್ಲ ಆ್ಯಪ್‌ಗಳಲ್ಲೂ ಪುಕ್ಕಟೆ ಕಾಣುವುದಿಲ್ಲ. ಕೆಲವು ಆ್ಯಪ್‌ಗಳು ಆ ಹೊತ್ತಿನಲ್ಲಿ ಅಂದಾಜಿನ ಗೆರೆ ಎಳೆಯುತ್ತವೆ, ಕೆಲವು ಚಿತ್ರವನ್ನೇ ತೆಗೆದುಬಿಡುತ್ತವೆ. ಪೈಲಟ್ ಮಾತ್ರ ಸ್ಯಾಟಲೈಟ್ ಮತ್ತು ದೂರದ ರೇಡಿಯೊದಲ್ಲಿ ಸಂಪರ್ಕದಲ್ಲೇ ಇರುತ್ತಾರೆ. ಪೆಸಿಫಿಕ್ ದಾರಿಯಾದರೆ ಜಪಾನ್ ದಾಟಿದ ಮೇಲೆ ಹೀಗೆ ಮಾಯವಾಗಬಹುದು, ಅಮೆರಿಕದ ಕರಾವಳಿ ಹತ್ತಿರ ಮತ್ತೆ ಕಾಣುತ್ತದೆ. ನಡುವೆ ಗಂಟೆಗಟ್ಟಲೆ ಇರುತ್ತದೆ. ಆ ಹೊತ್ತಿನಲ್ಲಿ ನೀವು ಮಲಗಿಬಿಡಿ.